ಶ್ಯಾವಿಗೆ ಮಣೆಯ ಮೇಲೆ ಗಿಟಾರು

ಎಪ್ಪತ್ತು ದಾಟಿದವನಿಗೆ ಹೊಸದಾಗಿ ಏನೂ ಆಗುವುದಿಲ್ಲ ಅಂತಾರೆ. ನನಗೆ ಮಾತ್ರ ಆಗುತ್ತಲೇ ಇರುತ್ತದೆ. ಗುಜರಾತಿನ ಚಾಂದ್‌ಖೇಡಾದ ನಮ್ಮ ಸೊಸೈಟಿಯಲ್ಲಿ ಅಷ್ಟೊಂದು ಮನೆಗಳಿದ್ದರೂ ತಮಾಷೆ ಅನ್ನುವುದು ವಿಳಾಸ ಕೇಳಿಕೊಂಡು ನೆಟ್ಟಗೆ ನಮ್ಮ ಬಾಗಿಲಿಗೇ ಬರುತ್ತದೆ.

ನಾನು ಗದಗಿನ ಕಡೆಯ ಬಡಿಗ. ಶಾಲೆಯ ಕಟ್ಟೆ ಹತ್ತಿಲ್ಲ, ಆದರೆ ಶಾಲೆಯ ಬಾಗಿಲು ಕೂರಿಸಿದ್ದೇನೆ. ನರೋಡಾದ ಕಾರ್ಖಾನೆಗಳಿಗೆ ಮಷೀನು ತುಂಬುವ ಮರದ ಪೆಟ್ಟಿಗೆ ಕಟ್ಟಿಯೇ ವಯಸ್ಸು ಕಳೆದೆ. ನಾನು ಕಟ್ಟಿದ ಒಂದು ಪೆಟ್ಟಿಗೆ ಹಡಗಿನಿಂದ ಸಮುದ್ರಕ್ಕೆ ಬಿತ್ತು. ಆರು ತಿಂಗಳ ಮೇಲೆ ದಂಡೆಗೆ ಬಂದಾಗ ಒಳಗಿನ ಮಷೀನಿಗೆ ಹನಿ ನೀರು ತಾಗಿರಲಿಲ್ಲ. ಹೊರಗೆ ಯಾವುದೋ ಮೀನಿನ ನಾಲ್ಕು ಹಲ್ಲು ಮುರಿದು ಸಿಕ್ಕಿಕೊಂಡಿದ್ದವು.

ಇದನ್ನು ಹೇಳಿದಾಗಲೆಲ್ಲ ನನ್ನ ಹೆಂಡತಿ ಒಳಗಿನಿಂದ ಕೂಗುತ್ತಾಳೆ: "ಹ್ವಾದ ದೀಪಾವಳ್ಯಾಗ ಎರಡಽ ಹಲ್ಲಿದ್ದುವಲ್ರೀ!"

ಕಾಲಿನ ಅಳತೆ

ನಮ್ಮ ಮೇಲಿನ ಮನೆಯಲ್ಲಿ ಹುಬ್ಬಳ್ಳಿಯ ಹುಡುಗಿ ಬಾಡಿಗೆಗೆ ಇದ್ದಾಳೆ. ಬ್ಯಾಂಕಿನಲ್ಲಿ ಆಫೀಸರು, ಸಂಜೆಯಾದರೆ ಗಿಟಾರು. ಒಂದು ದಿನ ಅಂಗೈಯಗಲದ ಐದು ಕಬ್ಬಿಣದ ಡಬ್ಬಿ, ಒಂದು ಬುಟ್ಟಿ ವೈರು ಹಿಡಿದುಕೊಂಡು ಬಂದಳು.

"ಕಾಕಾ, ಇವನ್ನ ಕಾಲಿಲೆ ಒತ್ತಿದರ ಗಿಟಾರಿನ ದನಿ ಬದಲಾಗ್ತದ. ಐದೂ ಅಲುಗಾಡದಂಗ ಕೂಡಸಾಕ ಒಂದು ಹಲಗಿ ಬೇಕು. ಪೆಡಲ್‌ಬೋರ್ಡ್ ಅಂತಾರ. ಹಳೇ ಕಟ್ಟಿಗೀಲೆ ಮಾಡಿಕೊಡ್ರಿ, ಛಂದ ಕಾಣ್ತದ."

"ನೆಲದ ಮ್ಯಾಲೆ ಇಟ್ಟರ ಏನಾಗ್ತದ?"

ಹುಡುಗಿಯ ಮುಖ ಸಣ್ಣಗಾಯಿತು. ಹೋದ ವರ್ಷ ವಡೋದರಾದಲ್ಲಿ ಬ್ಯಾಂಕಿನವರ ಸ್ನೇಹಕೂಟ. ಇವಳು ಬಾರಿಸುವಾಗ ಡಬ್ಬಿ ಜಾರಿ, ವೈರು ಕಿತ್ತು, ಹಾಡು ನಡುವೆಯೇ ನಿಂತುಹೋಯಿತು. "ಅವತ್ತಿನಿಂದ ಆಫೀಸಿನ್ಯಾಗ ನನಗ 'ಅರ್ಧ ಹಾಡು ಮೇಡಂ' ಅಂತ ಹೆಸರು ಬಿದ್ದದ ಕಾಕಾ. ಬರೋ ರವಿವಾರ ಮತ್ತ ಅದಽ ಸ್ಟೇಜು. ಈ ಸಲ ಹಾಡು ಪೂರಾ ಮುಗೀಬೇಕು, ಅಷ್ಟಽ."

"ಮುಗೀತು ಅಂತ ತಿಳಕೋ," ಅಂದು ಟೇಪು ತೆಗೆದು ಅವಳ ಪಾದ ಅಳೆಯತೊಡಗಿದೆ.

"ಕಾಲ ಯಾಕ ಅಳೀತೀರಿ?"

"ಮಂಚಾ ಮಾಡೂಮುಂದ ಮಲಗಾಂವನ್ನ ಅಳೀತೀನಿ. ಕುರ್ಚಿಗೆ ಕುಂಡ್ರಾಂವನ್ನ ಅಳೀತೀನಿ. ಇದು ನನ್ನ ಪದ್ಧತಿ."

ಒಳಗಿನಿಂದ ಹೆಂಡತಿ: "ಪುಣ್ಯಾ! ತಿಜೋರಿ ಮಾಡೂಮುಂದ ಕಳ್ಳನ್ನ ಕರಿಸಿ ಅಳೀಲಿಲ್ಲ."

ಹಡಗಿನ ಹಲಗೆ

ಹಳೆಯ ಮನೆ ಕೆಡವಿದ ಮರ ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಗುಜರಾತಿ, ನನ್ನ ವಯಸ್ಸಿನವನೇ, ಬಾಯಿಯೂ ನನ್ನಂಥದೇ. ಒಂದು ಸಾಗುವಾನಿ ಹಲಗೆ ಎಳೆದು ತಟ್ಟಿ, "ಭಾಯಿ, ಇದು ಮನೆಯದಲ್ಲ. ಸೂರತ್ತಿನ ಬಂದರಿಗೆ ಬರುತ್ತಿದ್ದ ಹಡಗಿನದು. ನೂರು ವರ್ಷ ನೀರು ಕುಡಿದಿದೆ," ಅಂದ.

ಸುಮ್ಮನಿರಲು ನನಗೇನು ಬಾಯಿಲ್ಲವೆ? ಹಲಗೆ ಮೂಸಿ ನೋಡಿದೆ. "ನೂರಲ್ಲ, ಇನ್ನೂರು. ಈ ಹಡಗು ನನಗೆ ಗೊತ್ತು. ಇದರ ಚುಕ್ಕಾಣಿ ಕೆತ್ತಿದವನು ನನ್ನ ಮುತ್ತಜ್ಜ."

ಅವನು ಬಿಟ್ಟಾನೆಯೆ? "ಹಾಗಾದರೆ ನಿಮ್ಮ ಮುತ್ತಜ್ಜ ನನ್ನ ಮುತ್ತಜ್ಜನನ್ನು ನೋಡಿರಲೇಬೇಕು. ಹಡಗು ನಡೆಸುತ್ತಿದ್ದವನೇ ಅವನು!"

ಇಬ್ಬರೂ ಕೈ ಕೈ ಹಿಡಿದುಕೊಂಡೆವು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ, ಕಿಟಕಿ ಮಾರಲು ಬಂದು ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದು ಹಲಗೆ ತಿರುವಿ ನೋಡಿದಳು.

"ಇದು ನಮ್ಮ ಅಡುಗೆಮನೆಯದು. ಮೊನ್ನೆ ಮಂಗಳವಾರ ಕೊಟ್ಟುಹೋದೆ. ನೋಡಿ, ಉಪ್ಪಿನಕಾಯಿ ಭರಣಿ ಇಟ್ಟ ಗುರುತು."

ಗುಂಡಗೆ, ಎಣ್ಣೆಯ ಕಲೆ, ಇತ್ತು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮೊದಲು ಸುಧಾರಿಸಿಕೊಂಡವನು ನಾನೇ.

"ಹಡಗಿನವರೂ ಊಟ ಮಾಡುತ್ತಿದ್ದರು, ಬೆಹೆನ್‌ಜಿ."

ಎಣ್ಣೆ ಉಣಿಸಿದ್ದು

ನಮ್ಮ ಕಡೆಯ ಬಡಿಗನಿಗೆ ಇಳಿಜಾರು ಹಲಗೆ ಮಾಡು ಅಂದರೆ ಕೈ ತಾನಾಗಿ ಶ್ಯಾವಿಗೆ ಮಣೆ ಮಾಡುತ್ತದೆ. ಉದ್ದನೆಯ ಮಣೆ; ಎತ್ತರದ ತುದಿಯಲ್ಲಿ ಹೆಂಗಸರು ಕೂತು ಹಿಟ್ಟಿನ ಎಳೆಯನ್ನು ಕೆಳಕ್ಕೆ ಹೊಸೆಯುತ್ತಾ ಹೋಗುತ್ತಾರೆ. ಆ ಅಡುಗೆಮನೆ ಹಲಗೆಯಲ್ಲಿ ನಾನೂ ಹಾಗೇ ಮಾಡಿದೆ. ವೈರು ಇಳಿಯಲು ನಡುವೆ ಸಂದು ಬಿಟ್ಟೆ, ತುದಿಯಲ್ಲಿ ಕೂರಲು ಒಂದು ಗೇಣು ಜಾಗ ಬಿಟ್ಟೆ. ಕನ್ನಡಿಯಂತೆ ಉಜ್ಜಿ, ಮೂರು ದಿನ ಕುಸುಬಿ ಎಣ್ಣೆ ಉಣಿಸಿದೆ.

ಶನಿವಾರ ಹುಡುಗಿ ಬಂದಳು. "ಅಯ್ಯ, ಎಷ್ಟು ಛಂದ ಆಗೇದ! ಆದರ ಈ ತುದಿ ಯಾಕ ಇಷ್ಟು ಉದ್ದ?"

"ಕುಂಡ್ರಾಕ."

"ನಾ ನಿಂತು ಬಾರಸ್ತೀನಿ ಕಾಕಾ."

"ದಣದಾಗ ಬೇಕಾಗ್ತದ, ಇರಲಿ."

ಅವಳು ಒಂದು ಅಂಟುಪಟ್ಟಿ ತಂದಿದ್ದಳು. ಅದನ್ನು ಹಲಗೆಗೆ ಒತ್ತಿ, ಮೇಲೆ ಡಬ್ಬಿ ಕೂರಿಸಬೇಕಂತೆ. ಮೊದಲ ಡಬ್ಬಿ ಇಟ್ಟಳು. ಅದು ಒಂದು ಕ್ಷಣ ಯೋಚನೆ ಮಾಡಿ, ಪಟ್ಟಿಯ ಸಮೇತ ಮೆಲ್ಲಗೆ ಜಾರಿ ನೆಲಕ್ಕೆ ಇಳಿಯಿತು. ಎರಡನೆಯದು ಅದರ ಹಿಂದೆ. ಐದೂ ಸಾಲಾಗಿ ಇಳಿದವು, ಸಿಟಿ ಬಸ್ಸಿನಿಂದ ಇಳಿದಂತೆ.

"ಕಾಕಾ, ಎಣ್ಣಿ ಯಾಕ ಹಚ್ಚಿದ್ರಿ?"

ನಾನು ಎದೆ ಸೆಟೆಸಿ ಹೇಳಿದೆ: "ಏನೂ ಅಂಟಬಾರದು ಅಂತ!"

ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. "ನಾಳೆ ಪ್ರೋಗ್ರಾಮು ಕಾಕಾ. ಈ ಸಲ 'ಕಾಲು ಹಾಡು ಮೇಡಂ' ಅಂತಾರ ನೋಡ್ರಿ," ಅಂದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಮೂರು ದಿನ ಕುಡಿದ ಎಣ್ಣೆಯನ್ನು ಮರ ವಾಪಸು ಕೊಡುತ್ತದೆಯೆ? ಹಳೆಯ ಸೈಕಲ್ ಟ್ಯೂಬ್ ತಂದು ಪಟ್ಟಿ ಪಟ್ಟಿ ಕತ್ತರಿಸಿ, ಒಂದೊಂದೇ ಡಬ್ಬಿಯನ್ನು ಹಲಗೆಗೆ ಬಿಗಿದು ಕಟ್ಟಿದೆ. ಎಳೆದರೂ ಅಲುಗಲಿಲ್ಲ.

ಹೆಂಡತಿ ಬಂದು ನೋಡಿ, "ಐದೂ ಆಸ್ಪತ್ರ್ಯಾಗ ಮಲಗಿಸಿದಂಗ ಕಾಣ್ತಾವ," ಅಂದಳು.

ಏಳದ ಮನುಷ್ಯ

ರವಿವಾರ ವಡೋದರಾ. ಹುಡುಗಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಅವಳ ಸರದಿ. ಸ್ಟೇಜಿಗೆ ನುಣ್ಣನೆ ಹಾಸುಗಲ್ಲು. ಮಣೆ ಇಟ್ಟು ಕಾಲಿಂದ ಒಂದು ಡಬ್ಬಿ ಒತ್ತಿದಳು. ಡಬ್ಬಿಗಳು ಅಲುಗಲಿಲ್ಲ, ಖರೆ. ಆದರೆ ಇಡೀ ಮಣೆಯೇ ಒಂದು ಮೊಳ ಮುಂದಕ್ಕೆ ಸರಿಯಿತು. ಮತ್ತೆ ಒತ್ತಿದಳು, ಮತ್ತೆ ಒಂದು ಮೊಳ. ಇನ್ನೊಂದು ಸಲ ಒತ್ತಿದರೆ ವೈರು ಕಿತ್ತು ಮಣೆ ಮೊದಲ ಸಾಲಿನ ಮ್ಯಾನೇಜರರ ಮಡಿಲಿಗೆ. ಹಿಂದಿನಿಂದ ಯಾರೋ "ಅರ್ಧ ಹಾಡು!" ಅಂದರು, ನಾಲ್ಕು ಜನ ನಕ್ಕರು. ಹುಡುಗಿ ನನ್ನ ಕಡೆ ನೋಡಿದಳು.

ನಾನು ನೆಟ್ಟಗೆ ಸ್ಟೇಜು ಹತ್ತಿದೆ, ಮಣೆಯ ಎತ್ತರದ ತುದಿಯ ಮೇಲೆ ಆ ಕಡೆ ಈ ಕಡೆ ಕಾಲು ಹಾಕಿ ಕೂತೆ. "ಬಾರಸವ್ವಾ," ಅಂದೆ.

ಬಾರಿಸಿದಳು ನೋಡಿ! ಮಣೆ ಕಲ್ಲಾಗಿ ನಿಂತಿತ್ತು. ಹಾಡು ಮುಕ್ಕಾಲು ದಾಟಿತ್ತು. ಆಗ ಬಾಗಿಲು ತೆರೆದು ಬ್ಯಾಂಕಿನ ದೊಡ್ಡ ಸಾಹೇಬರು ತಡವಾಗಿ ಬಂದರು. ಧಡಧಡ ಇಡೀ ಸಭೆ ಎದ್ದು ನಿಂತಿತು. ಅಡುಗೆಯವರೂ ಎದ್ದರು. ಕೂತವನು ನಾನೊಬ್ಬನೇ, ಅದೂ ಸ್ಟೇಜಿನ ನಟ್ಟನಡುವೆ, ಸಾಹೇಬರಿಗೆ ಎದುರಾಗಿ. ಕಾರ್ಯಕ್ರಮ ನಡೆಸುವವನು ಪರದೆಯ ಮರೆಯಿಂದ "ಏಳಿ, ಏಳಿ" ಅಂತ ಕೈಯಾಡಿಸಿದ. ಹುಡುಗಿ ಬಾರಿಸುತ್ತಲೇ ಹಲ್ಲು ಕಚ್ಚಿ, "ಏಳಬ್ಯಾಡ್ರಿ ಕಾಕಾ!" ಅಂದಳು. ನಾನು ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು ಕೂತೇ ಇದ್ದೆ.

ಹಾಡು ಪೂರಾ ಮುಗಿಯಿತು. ಚಪ್ಪಾಳೆಗೆ ಮೇಲಿನ ಫ್ಯಾನು ಹಿಂದುಮುಂದು ತಿರುಗಿತು. ನಕ್ಕಿದ್ದ ನಾಲ್ವರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಹುಡುಗಿ ಗಿಟಾರು ತಬ್ಬಿಕೊಂಡು ನಗುತ್ತಾ ನಿಂತಿದ್ದಳು.

ಸಾಹೇಬರು ಸ್ಟೇಜಿಗೆ ಬಂದರು. ಬೈತಾರೆ ಅಂದುಕೊಂಡೆ. ಅವರು ಬಗ್ಗಿ, ಮೆತ್ತಗೆ ಹಿಂದಿಯಲ್ಲಿ ಕೇಳಿದರು: "ಹಿರಿಯರೆ, ತಾವು ಯಾವ ವಾದ್ಯ ನುಡಿಸುತ್ತೀರಿ?"

"ವಾದ್ಯ ಗೀದ್ಯ ಇಲ್ಲ ಸಾಹೇಬರೆ. ನಾನು ಎದ್ದರೆ ಹಾಡು ನಿಲ್ಲುತ್ತದೆ."

ಸಾಹೇಬರು ಬಾಗಿಲಲ್ಲೇ ತಮಗೆ ಹೊದಿಸಿದ್ದ ಶಾಲು ತೆಗೆದು ನನಗೆ ಹೊದಿಸಿ, ಕೈಮುಗಿದು, "ಇಂಥ ಗುರುಗಳು ಈಗ ಎಲ್ಲಿ ಸಿಗುತ್ತಾರೆ!" ಅಂತ ಮೈಕಿನಲ್ಲೇ ಹೇಳಿದರು.

ವಾಪಸು ಬರುವಾಗ ರೈಲಿನಲ್ಲಿ ಶಾಲು ಹೊದ್ದು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಹೆಂಡತಿ ಶಾಲಿನ ಅಂಚು ಮುಟ್ಟಿ ನೋಡಿ ಹೇಳಿದಳು: "ಸುಮ್ನ ಕುಂತಿದ್ದಕ್ಕ ಶಾಲು ಹೊದಸ್ತಾರ ಅಂತ ಮದ್ಲಽ ಗೊತ್ತಿದ್ದರ, ಮನ್ಯಾಗ ಇಷ್ಟು ವರ್ಷ ನಿಮ್ಮನ್ನ ಪುಕ್ಕಟೆ ಕುಂಡ್ರಾಕ ಬಿಡ್ತಿದ್ದಿಲ್ಲ ನೋಡ್ರಿ!"