ತಂತಿ ಬೇಲಿಯೊಳಗಿನ ಪರದೇಶ

ಸರ್ಕಾರದ ನಿಯಮ ದಿಲ್ಲಿಯಲ್ಲಿ ಹುಟ್ಟುವಾಗ ಬಹಳ ಗಂಭೀರವಾಗಿರುತ್ತದೆ. ನಮ್ಮ ಕಡೆ ಬಂದು ಇಳಿದ ಮೇಲೆ ಅದಕ್ಕೆ ಏನಾದರೊಂದು ಆಗಿಯೇ ತೀರುತ್ತದೆ. ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ ಒಂದು ಮುಕ್ತ ವ್ಯಾಪಾರ ವಲಯ ಬಂತು, ಅದರೊಳಗೆ ವಿದೇಶಿ ಬಂಡವಾಳದ ಡೇಟಾ ಸೆಂಟರ್. ನಾನು ಕೊಟ್ಟೂರಿನವಳು, ಆ ವಲಯದ ಕಚೇರಿಯಲ್ಲಿ ಗುಮಾಸ್ತೆ. ಇಂಗ್ಲಿಷ್ ಒಂದಿಷ್ಟು ಬರುತ್ತದೆ ಎಂಬ ತಪ್ಪಿಗೆ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುವ ಕೆಲಸವೂ ನನ್ನ ತಲೆಗೇ ಬಿತ್ತು.

ಬದುವಿನ ಮಗ್ಗಲದಾವ

ಮೊದಲ ಸಭೆ ವಲಯದ ಪಕ್ಕದ ಹಳ್ಳಿಯ ಸಮುದಾಯ ಭವನದಲ್ಲಿ. ಮಂಡಕ್ಕಿ ಮಿರ್ಚಿ ಇದೆ ಅಂದಿದ್ದಕ್ಕೆ ಜನ ಭರ್ತಿ. ನಮ್ಮ ಸಾಹೇಬರು ಮೈಸೂರು ಕಡೆಯವರು, ಮೆತ್ತನೆ ಮಾತು. ಡೇಟಾ ಸೆಂಟರ್ ಅಂದರೆ ಮಾಹಿತಿ ತುಂಬಿಡುವ ಗೋದಾಮು ಅಂತ ಹೇಳಿದರು. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಗೋದಾಮು ನೋಡಿದ ಜನಕ್ಕೆ ಅದು ತಕ್ಷಣ ಅರ್ಥವಾಯಿತು.

"ಇದಕ್ಕೆ ಹೊರದೇಶದವರು ಪೂರ್ತಿ ಬಂಡವಾಳ ಹಾಕಬಹುದು. ಆದರೆ ನಮ್ಮ ಗಡಿಗೆ ಹೊಂದಿಕೊಂಡ ದೇಶದವರಾದರೆ ಮಾತ್ರ ಮೊದಲು ಸರ್ಕಾರದ ಅನುಮತಿ ಬೇಕು" ಅಂದರು ಸಾಹೇಬರು.

ಹಿಂದಿನಿಂದ ಒಬ್ಬ ಅಜ್ಜ ಎದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕುರಿ ಕಾಯುವವನು.

"ಸಾಹೇಬ್ರ, ಈ ಕಾಯ್ದೆ ಮಾಡಿದಾವ ಹೊಲ ಮಾಡಿದಾವನ ಇರಬೇಕ್ರಿ! ದೂರದಾವ್ರು ಎಷ್ಟರ ಮಂದಿ ಬರ್ಲಿ. ಬದುವಿನ ಮಗ್ಗಲದಾವನ್ನ ಮಾತ್ರ ಕೇಳದ ಒಳಗ ಬಿಡಬ್ಯಾಡ್ರಿ."

ಭವನದ ಮಂದಿಯೆಲ್ಲ ಒಟ್ಟಿಗೆ ತಿರುಗಿ ಮೂರನೇ ಸಾಲಿನಲ್ಲಿದ್ದ ಒಬ್ಬ ರೈತನನ್ನು ನೋಡಿದರು. ಅವನ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

"ನನ್ನ್ಯಾಕ ನೋಡ್ತೀರಲೇ? ನಾ ಬದು ಒತ್ತಿದ್ದು ಎರಡ ಗೇಣು!"

ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಹೊಸ ರುಮಾಲು

ಆ ಅಜ್ಜನ ಸಂಕಟ ಬೇರೆಯೇ ಇತ್ತು. ಅವನ ಕುರಿಗಳು ಹಳ್ಳಕ್ಕೆ ನೀರಿಗೆ ಹೋಗುವ ದಾರಿ ವಲಯದ ಜಾಗದ ಮಧ್ಯದಲ್ಲೇ ಹಾಯ್ದಿತ್ತು. ಬೇಲಿ ಹಾಕಿದರೆ ಊರು ಸುತ್ತಿ ಹೋಗಬೇಕು. ಬೇಸಿಗೆಯಲ್ಲಿ ಅಷ್ಟು ದೂರ ನಡೆದರೆ ಕುರಿ ಉಳಿಯುವುದಿಲ್ಲ. ದಿನಾ ಕಚೇರಿಗೆ ಬಂದು, "ತಂಗೀ, ನನ್ನ ದಾರಿ ಏನಾತವ್ವ?" ಅನ್ನುತ್ತಿದ್ದ. ನಾನು ಅದೇ ಮಾತನ್ನು ದಿನಾ ಸಾಹೇಬರ ಮುಂದೆ ಇಡುತ್ತಿದ್ದೆ.

ಕೊನೆಗೆ ಸಾಹೇಬರು ಒಪ್ಪಿದರು, ಆದರೆ ಷರತ್ತಿನ ಮೇಲೆ. "ನೋಡಜ್ಜ, ಸುಂಕದ ಲೆಕ್ಕದಲ್ಲಿ ಈ ಬೇಲಿಯೊಳಗೆ ಪರದೇಶ ಇದ್ದ ಹಾಗೆ. ಮೂಡಣ ಗೇಟಿನಲ್ಲಿ ಎಷ್ಟು ಕುರಿ ಒಳಗೆ ಬಂದವೋ ಪಡುವಣ ಗೇಟಿನಲ್ಲಿ ಅಷ್ಟೇ ಹೊರಗೆ ಹೋಗಬೇಕು. ಒಂದು ಹೆಚ್ಚಾದರೂ ದಾರಿ ಬಂದ್, ಕಡಿಮೆಯಾದರೂ ಬಂದ್."

ಮರುದಿನ ಅಜ್ಜ ಜರಿ ಅಂಚಿನ ಹೊಸ ರುಮಾಲು ಸುತ್ತಿಕೊಂಡು ಬಂದ. ಏನಜ್ಜ ವಿಶೇಷ ಅಂದೆ.

"ಏನ್ ಮಾಡ್ಲೆವ್ವ, ಪರದೇಶಕ್ಕ ಹೊಂಟೀನಿ ಅಂದ್ರ ಮುದುಕಿ ಹಳೇದು ಕಸಗೊಂಡ್ಳು. ನಮ್ಮ ಮನಿ ಮರ್ಯಾದಿ ಕಳೀಬ್ಯಾಡ ಅಂದ್ಳು."

ತಪಾಸಣೆ

ಗೇಟಿನ ಗಾರ್ಡು ಹಡಗಲಿ ಹುಡುಗ. ಕುರಿ ಎಣಿಸಲು ಬೆರಳು ಮುಂದೆ ಮಾಡಿದ್ದೇ ತಡ, ಅಜ್ಜ ಅಡ್ಡ ನಿಂತ.

"ಏ ತಮ್ಮಾ, ಹಂಗ ಬೆರಳು ಮಾಡಿ ಎಣಿಸಿದ್ರ ದೃಷ್ಟಿ ತಾಕತೈತಿ. ಎಣಿಸು, ಬ್ಯಾಡ ಅನ್ನಂಗಿಲ್ಲ. ಒಂದೊಂದಕ್ಕೂ ಥೂ ಥೂ ಅಂದು ಎಣಿಸು."

ಪಾಪ, ಹುಡುಗ ಒಪ್ಪಿಕೊಂಡ. ಒಂದು, ಥೂ ಥೂ. ಎರಡು, ಥೂ ಥೂ. ಅಷ್ಟರಲ್ಲಿ ಬಂಡವಾಳ ಹಾಕಿದ ಕಂಪನಿಯ ವಿದೇಶಿ ಪ್ರತಿನಿಧಿಯ ಕಾರು ಬಂತು. ಆತ ಇಳಿದು, ಬೆರಗಾಗಿ, ಇದೇನು ಅಂತ ನನ್ನನ್ನು ಕೇಳಿದ. ದೃಷ್ಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. "ಇಲ್ಲಿನ ತಪಾಸಣೆಯ ಪದ್ಧತಿ" ಅಂದುಬಿಟ್ಟೆ.

ಆತ ತಲೆಯಾಡಿಸಿ, ಕೋಟಿನ ಗುಂಡಿ ಹಾಕಿಕೊಂಡು, ಗಾರ್ಡ್ ಹುಡುಗನ ಮುಂದೆ ಕಣ್ಣು ಮುಚ್ಚಿ ನಿಂತುಕೊಂಡ.

ಒಂದು ಹೆಚ್ಚು

ಒಂದು ಮಧ್ಯಾಹ್ನ ಪಡುವಣ ಗೇಟಿನಿಂದ ಫೋನು: "ಅಕ್ಕಾರ, ಒಂದು ಹೆಚ್ಚಾಗೇತ್ರಿ!" ಸಾಹೇಬರೂ ನಾನೂ ಓಡಿದೆವು. ದಾರಿ ಮಧ್ಯದಲ್ಲಿ, ಡೇಟಾ ಸೆಂಟರಿನ ಗೋಡೆಯ ನೆರಳಿಗೆ ಕುರಿಯೊಂದು ಮರಿ ಹಾಕಿತ್ತು. ಅಜ್ಜ ಆ ಹಸಿ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹಿಡಿದು ಗೇಟಿನ ಒಳಗೇ ನಿಂತಿದ್ದ. ಮುಖ ಸಣ್ಣದಾಗಿತ್ತು.

"ಬೇಲಿಯೊಳಗಿನ ಪರದೇಶದಲ್ಲಿ ಹುಟ್ಟಿದ್ದು ಹೊರಗೆ ಹೋದರೆ ನಮ್ಮ ದೇಶಕ್ಕೆ ಆಮದು" ಅಂದರು ಸಾಹೇಬರು. "ಸುಂಕ ಆಗುತ್ತೆ, ಅನುಮತಿ ಬೇಕಾಗುತ್ತೆ."

"ಬರೋವಾಗನೂ ಇತ್ತಲ್ರಿ, ತಾಯಿ ಹೊಟ್ಟ್ಯಾಗ."

"ಹಾಗಾದರೆ ಮುಚ್ಚಿಟ್ಟು ತಂದ ಹಾಗಾಯಿತು. ಅದು ಇನ್ನೂ ದೊಡ್ಡ ತಪ್ಪು. ಮರಿಯನ್ನು ಇಲ್ಲೇ ಬಿಡು, ಇಲ್ಲ ದಾರಿ ಬಂದ್."

ನನಗೆ ಸಿಟ್ಟು ಬಂತು. ಅಜ್ಜನಿಗೆ ಬರಲಿಲ್ಲ. ತಣ್ಣಗೆ ಹೇಳಿದ: "ಆತ್ ಬಿಡ್ರಿ. ಮರಿ ಇಲ್ಲೇ ಇರ್ಲಿ. ಅದಕ್ಕ ಹಾಲು ಬೇಕು, ಹಂಗಾಗಿ ತಾಯಿನೂ ಇಲ್ಲೇ. ಆಕಿನ್ನ ಬಿಟ್ಟು ಹಿಂಡು ಹೋಗಂಗಿಲ್ಲ. ಹಿಂಡು ಬಿಟ್ಟು ನಾ ಹೋಗಂಗಿಲ್ಲ. ಮುದುಕಿಗೆ ಬುತ್ತಿ ಇಲ್ಲಿಗೇ ತಾ ಅಂತೀನಿ."

ಅಂದವನೇ ಗೇಟಿನ ಬಾಯಲ್ಲಿ ಕಂಬಳಿ ಹಾಸಿ, ಮರಿಯನ್ನು ಅದರ ಮೇಲೆ ಮಲಗಿಸಿ, ತಾನೂ ಕುಳಿತ. ಹಿಂಡು ಹಿಂದಕ್ಕೆ ತಿರುಗಿತು. ಆ ವಿದೇಶಿ ಪ್ರತಿನಿಧಿ ಹೊರದೇಶದಿಂದ ಬೀಜ ತರಿಸಿ ಡೇಟಾ ಸೆಂಟರಿನ ಮುಂದೆ ಬೆಳೆಸಿದ್ದ ಹಸಿರು ಹುಲ್ಲು ಕುರಿಗಳ ಕಣ್ಣಿಗೆ ಬಿತ್ತು. ಆಮೇಲೆ ಕೇಳಬೇಕೇ!

"ಅಯ್ಯಯ್ಯೋ, ಕರೆದುಕೊಂಡು ಹೋಗಪ್ಪಾ! ನಿನ್ನ ದಾರಿಗೆ ಎರಡೂ ಕಡೆ ಬೇಲಿ ಹಾಕಿಸಿ ವಲಯದಿಂದಲೇ ಹೊರಗಿಡಿಸ್ತೀನಿ, ಎಲ್ಲರ ಮುಂದೆ ಹೇಳ್ತಿದ್ದೀನಿ!" ಅಂತ ಕೂಗುತ್ತಾ ಸಾಹೇಬರೇ ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟು ದಾಟಿ ಓಡಿದರು. ತಾಯಿ ಅರಚುತ್ತಾ ಬೆನ್ನು ಹತ್ತಿತು. ತಾಯಿಯ ಹಿಂದೆ ಇಡೀ ಹಿಂಡು.

ಅಜ್ಜ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಹೊರಗೆ ಬಂದ. ಮರಿಯನ್ನು ಸಾಹೇಬರ ಕೈಯಿಂದ ತೆಗೆದುಕೊಂಡು, ಬಹಳ ಮರ್ಯಾದೆಯಿಂದ ಕೈ ಮುಗಿದ.

"ನಾ ಅಂತೂ ಏನೂ ದಾಟಿಸಿಲ್ರೀ ಸಾಹೇಬ್ರ. ಹೊತ್ಕೊಂಡು ಬಂದಾವರು ನೀವು. ಸುಂಕ ನೀವ ಕಟ್ರಿ."