ತೊಗರಿ ಹೊಟ್ಟಿನ ಮೇಲೆ ಫೈನಲ್

ಬಾಸ್ಕೆಟ್‌ಬಾಲ್ ಫೈನಲನ್ನು ಆಟಗಾರರು ಗೆಲ್ಲುವುದಿಲ್ಲ, ಅಂಗಳ ಗೆಲ್ಲಿಸುತ್ತದೆ! ಟಿ.ವಿ.ಯಲ್ಲಿ ಪರದೇಶದ ವೃತ್ತಿಪರ ತಂಡಗಳ ಫೈನಲ್ ನೋಡಿ ನೋಡಿ ನಾನು ಕಂಡುಕೊಂಡ ಪರಮ ಸತ್ಯವಿದು. ಅಲ್ಲಿ ಕನ್ನಡಿಯಂಥ ಮರದ ನೆಲ, ತಣ್ಣನೆಯ ಗಾಳಿ. ನಮ್ಮ ಬಸವಕಲ್ಯಾಣದಲ್ಲಿ ಆಕಾಶವೇ ಚಾವಣಿ, ಸಿಮೆಂಟೇ ನೆಲ. ಸುಗ್ಗಿ ಬಂತೆಂದರೆ ಅರ್ಧ ಓಣಿಯವರು ಅದರ ಮೇಲೇ ತೊಗರಿ ಬಡಿದು ಒಣಗಿಸುತ್ತಾರೆ.

ಹುಡುಗಿಯರ ತಂಡಕ್ಕೆ ನಾನು ಮ್ಯಾನೇಜರು, ಮಗಳು ಭಾಗ್ಯಾ ಕ್ಯಾಪ್ಟನ್. ಈ ಸಲದ ಫೈನಲ್ ನಮ್ಮ ಅಂಗಳದಲ್ಲೇ, ಎದುರಾಳಿ ಹುಮನಾಬಾದ. ಅವರ ಮ್ಯಾನೇಜರು ನನ್ನ ಹೆಂಡತಿಯ ತಮ್ಮ ಶಿವರಾಜ! ಹೋದ ವರ್ಷ ಅವರೇ ಗೆದ್ದಿದ್ದರು. ಅಂದಿನಿಂದ ಆ ಮನುಷ್ಯ ನಮ್ಮ ಮನೆಯ ಹೋಳಿಗೆಗೆ ಕೈ ಹಾಕುವ ಮೊದಲು ಕಪ್‌ನ ಸುದ್ದಿ ತೆಗೆಯುತ್ತಾನೆ. ನನ್ನ ಮೈ ಉರಿಯುತ್ತದೆ. ಭಾಗ್ಯಾಳಿಗೆ ಈ ತಂಡದಲ್ಲಿ ಇದೇ ಕೊನೆಯ ವರ್ಷ. ಗೆಲ್ಲಲೇಬೇಕಿತ್ತು.

ನನ್ನದು ಮೊದಲೇ ಅಂಜುಬುರುಕ ಜೀವ. ಯಾರ ಕಾಲು ಉಳುಕೀತೋ ಎಂದು ತಿಂಗಳಿಡೀ ಕಾಳೊಂದು ಕಾಣದಂತೆ ಹೆಂಡತಿಯಿಂದ ಅಂಗಳದ ಕಸ ಹೊಡೆಸಿ, ಆಮೇಲೆಯೇ ಚೆಂಡು ಕೊಡುತ್ತಿದ್ದೆ. ಫೈನಲ್ ದಿನ ಮಾತ್ರ ತಲೆಯಲ್ಲಿ ತಂತ್ರವೊಂದು ಹೊಳೆಯಿತು. ಹುಮನಾಬಾದದವರದು ಓಡುವ ಆಟ. ನಮ್ಮವರದು ಎತ್ತರದ ಆಟ: ಬುಟ್ಟಿಯ ಕೆಳಗೆ ನಿಂತು ಜಿಗಿದು ಹಾಕುವುದು. ತೊಗರಿ ಎತ್ತಿ ಹೊಟ್ಟನ್ನು ಹಾಗೇ ಬಿಟ್ಟರೆ? ಓಡುವವರು ಜಾರುತ್ತಾರೆ, ನಿಂತವರು ಗೆಲ್ಲುತ್ತಾರೆ!

ನಮ್ಮ ತೊಗರಿ ಚೀಲಕ್ಕೆ ತುಂಬಿ ಕಸಬರಿಗೆ ಹಿಡಿದಿದ್ದ ಹೆಂಡತಿಯನ್ನು ತಡೆದೆ.

“ಇವತ್ತ ಕಸಾ ಹೊಡೀಬ್ಯಾಡ.”

“ಯಾಕ್ರಿ? ಹುಡುಗೇರು ಜಾರಿ ಬಿದ್ರ?”

“ಬೀಳೋರು ನಿನ್ನ ತವರಿನವ್ರು!”

“ನಿಮ್ಮವ್ರು ಜಿಗದ ಮ್ಯಾಲ ಕೆಳಗ ಇಳಿಯೂದಿಲ್ಲೇನ್ರಿ?”

ಸಿಟ್ಟು ಬಂತು. “ಆಟದಾಗಿಂದು ನಿನಗೇನ ತಿಳೀತದ?” ಎಂದು ಕಸಬರಿಗೆ ಕಸಿದುಕೊಂಡೆ.

ಸೀಟಿ ಊದಿದರು. ಭಾಗ್ಯಾ ಜಿಗಿದಳು. ಚೆಂಡು ಬುಟ್ಟಿಗೆ ಬಿತ್ತು. ಭಾಗ್ಯಾ ನೆಲಕ್ಕೆ ಬಿದ್ದಳು. ಆಮೇಲೆ ನಮ್ಮವರು ಒಬ್ಬರ ಹಿಂದೊಬ್ಬರು ಹಣ್ಣೆಲೆಯಂತೆ ಉದುರಿದರು. ಹುಮನಾಬಾದದವರು ಓಡಲೇ ಇಲ್ಲ! ಪಾದ ಎತ್ತದೆ ಹೊಟ್ಟು ಸರಿಸುತ್ತ, ಕೈಯಿಂದ ಕೈಗೆ ಚೆಂಡು ದಾಟಿಸುತ್ತ, ದೂರದಿಂದಲೇ ಬುಟ್ಟಿಗೆ ಹಾಕತೊಡಗಿದರು.

“ಇವ್ರು ಓಡೂದು ಯಾವಾಗ ಬಿಟ್ರೋ?” ಎಂದು ಶಿವರಾಜನ ಮೇಲೆ ಹರಿಹಾಯ್ದೆ.

“ನಮ್ಮ ಅಂಗಳದಾಗೂ ತೊಗರಿ ಒಣಗಸ್ತಾರ್ರಿ ಮಾಮಾ. ಸುಗ್ಗಿ ಮುಗಿಯೂತನಕಾ ಅಲ್ಲಿ ಯಾರೂ ಕಸಾ ಹೊಡ್ಯಂಗಿಲ್ಲ. ಇವತ್ತ ನಮ್ಮ ಹುಡುಗೇರಿಗೆ ಮನ್ಯಾಗ ಆಡಿದಂಗಾತು!”

ಸಿಟ್ಟು ನೆತ್ತಿಗೇರಿತು. “ಆಟ ನಿಲ್ಲಸ್ರಿ! ಅಂಗಳ ಖರಾಬ್ ಅದ!” ಎಂದು ಕೂಗುತ್ತ ರೆಫರಿಯತ್ತ ನುಗ್ಗಿದೆ.

“ಅಂಗಳ ತಯಾರ್ ಅದ ಅಂತ ಮುಂಜಾನಿ ಹೇಳಿದವ್ರು ನೀವಽ ಅಲ್ರಿ?” ಎಂದರು ರೆಫರಿ.

ಉತ್ತರಕ್ಕೆ ಬಾಯಿ ತೆರೆದೆ. ಕಾಲು ಜಾರಿತು. ಹೊಟ್ಟಿನ ಮೇಲೆ ಸರ್ರನೆ ಸಾಗಿ ಶಿವರಾಜನ ಪಾದದ ಬಳಿ ಬೋರಲು ಬಿದ್ದೆ.

“ಏ ಮಾಮಾ, ನಾ ಸಣ್ಣಾಂವ! ನನ್ನ ಕಾಲಿಗಿ ಯಾಕ ಬೀಳ್ತೀರಿ?”

ಎರಡೂ ಊರಿನವರು ನಕ್ಕರು. ಭಾಗ್ಯಾ ನಗಲಿಲ್ಲ. ಕಪ್ ಹುಮನಾಬಾದದ ಜೀಪು ಹತ್ತಿದ ಮೇಲೆ, ತರಚಿದ ಮೊಣಕೈಗೆ ಉಫ್ ಉಫ್ ಎಂದು ಗಾಳಿ ಊದಿಕೊಳ್ಳುತ್ತ ಬಂದು ಕಸಬರಿಗೆಯನ್ನು ನನ್ನ ಕೈಗಿಟ್ಟಳು.

“ಅಪ್ಪಾ, ಆ ಬುಟ್ಟಿ ಕೆಳಗಿಂದ ಸುರು ಮಾಡು. ನಾ ಅಲ್ಲೇ ಭಾಳ ಸಲ ಬಿದ್ದೀನಿ.”

ಹಲ್ಲು ಕಡಿಯುತ್ತ ಗುಡಿಸಿದೆ. ಸಿಟ್ಟಿನಲ್ಲಿ ಎಷ್ಟು ಚೊಕ್ಕವಾಗಿ ಗುಡಿಸಿದೆನೆಂದರೆ, ಆ ಅಂಗಳದಲ್ಲಿ ನಮ್ಮವರು ಖಂಡಿತ ಗೆಲ್ಲುತ್ತಿದ್ದರು!