ದೊರೆ ಬೈಯದೆ ಮದುವೆಯಿಲ್ಲ

ಕೆಜಿಎಫ್‌ನಲ್ಲಿ ದುಡಿದವರಿಗೆ ಬೈಗುಳದ ಪ್ರಸಂಗಗಳಿಗೆ ಎಂದೂ ಬರವಿಲ್ಲ. ಬೈಸಿಕೊಳ್ಳಲಿಲ್ಲವೆಂದು ಕೊರಗಿದವನು ಮಾತ್ರ ಬಹುಶಃ ನಾನೊಬ್ಬನೇ.

೧. ಅರ್ಥ

ಎಪ್ಪತ್ತರ ದಶಕದಲ್ಲಿ ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಹೋಗಿ, ಕೆಜಿಎಫ್‌ನ ನಂದಿದುರ್ಗ ಎಂಬ ಗಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಫೋರ್‌ಮನ್ ಒಬ್ಬ ಆಂಗ್ಲೋ ಇಂಡಿಯನ್. ಎಲ್ಲರ ಬಾಯಲ್ಲೂ ಅವರು ‘ದೊರೆ’. ದೊರೆಯ ಬಾಯಲ್ಲಿ ಎಲ್ಲರೂ ‘ಬಗ್ಗರ್’. ಪಂಪು ನಿಂತರೆ ಬಗ್ಗರ್, ಹೊರಟರೂ ಬಗ್ಗರ್. ಟೀ ತಂದವನು ಒಳ್ಳೆ ಬಗ್ಗರ್, ಸತ್ತವನು ಪಾಪದ ಬಗ್ಗರ್.

ಆ ಬೈಗುಳದ ಅರ್ಥ ತಿಳಿಯಲು ನನ್ನ ಹಳೆಯ ಇಂಗ್ಲಿಷ್ ಮೇಷ್ಟರ ಬಳಿ ಹೋದೆ. ಅವರು ನಿಘಂಟು ತೆಗೆದರು, ಓದಿದರು, ಮುಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ, ಆ ಕೆಲಸ ಬಿಟ್ಟುಬಿಡಪ್ಪ ಎಂದರು.

೨. ಮರ್ಯಾದೆ

ನನ್ನನ್ನು ಆರು ತಿಂಗಳು ನೋಡಿ ಕಾಯಂ ಮಾಡುವುದು ಎಂದಾಗಿತ್ತು. ದೊರೆ ನನ್ನೊಬ್ಬನನ್ನು ಮಾತ್ರ ‘ಮಿಸ್ಟರ್’ ಅನ್ನುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಒಂದು ದಿನ ಮೇಸ್ತ್ರಿ ಪಕ್ಕಕ್ಕೆ ಕರೆದ. ಹಿಂದೆ ದೊರೆ ಮಿಸ್ಟರ್ ಅಂದ ಇಬ್ಬರೂ ಕಾಯಂ ಆಗದೆ ಮನೆ ಸೇರಿದ್ದರಂತೆ. “ತನ್ನೋರು ಅನ್ಸಿದ್ರೇನೇ ಬೈಯೋದು ಕಣ್ಲಾ. ನಿಂಗೆ ಮರ್ಯಾದೆ ಕೊಡ್ತಾವ್ರೆ, ಉಸಾರು.”

೩. ವಿಚಾರಣೆ

ಬೇತಮಂಗಲದಲ್ಲಿ ಒಂದು ಹೆಣ್ಣು ನೋಡಿದ್ದೆವು. ಹುಡುಗಿ ನನಗೆ ತುಂಬ ಹಿಡಿಸಿದ್ದಳು. ಅವಳ ತಂದೆ ಹಿಂದೆ ಇದೇ ದೊರೆಯ ಕೈಕೆಳಗೆ ಗಣಿಯಲ್ಲಿ ದುಡಿದು, ಈಗ ಬೇಸಾಯಕ್ಕೆ ಮರಳಿದ್ದವರು. ಕಾಯಂ ಆಗುವವನಿಗೇ ಮಗಳನ್ನು ಕೊಡುವುದೆಂದು ಹೇಳಿ, ವಿಚಾರಿಸಲು ಆಫೀಸಿಗೇ ಬಂದರು.

ದೊರೆ ನನ್ನನ್ನು ಬಾಯ್ತುಂಬ ಹೊಗಳಿದರು. ಮಿಸ್ಟರ್ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಮಿಸ್ಟರ್ ಅಕ್ಷರ ಮುತ್ತಿನಂತಿದೆ, ಮಿಸ್ಟರ್ ಬಹಳ ಸಂಭಾವಿತರು. ಕೇಳುತ್ತ ಕೇಳುತ್ತ ಆ ಹಿರಿಯರ ಮುಖ ಸಪ್ಪಗಾಯಿತು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. “ನಿನ್ ಮ್ಯಾಲೆ ದೊರೆಗೆ ಇಷ್ಟೊಂದು ಕ್ವಾಪ ಯಾಕಪ್ಪ?”

೪. ಟೋಪಿ

ಆರು ತಿಂಗಳು ಮುಗಿಯಲು ಇನ್ನು ಒಂದೇ ವಾರ ಉಳಿದಿತ್ತು. ಬೇಕೆಂದೇ ತಡವಾಗಿ ಹೋದೆ. ಪರವಾಗಿಲ್ಲ ಮಿಸ್ಟರ್ ಎಂದರು. ಕಾಗದದ ಮೇಲೆ ಮಸಿ ಚೆಲ್ಲಿದೆ. ತಾವೇ ಒರೆಸಿಕೊಟ್ಟರು. ನನಗೆ ಅಳುವೇ ಬಂತು.

ಸೋತು ಪಕ್ಕದ ಕುರ್ಚಿಯಲ್ಲಿ ಕುಸಿದೆ. ಅದರ ಮೇಲೆ ದೊರೆಯ ಹೊಸ ಟೋಪಿ ಇತ್ತು. ಆಗ ಬಂತು ನೋಡಿ ಆ ಮಾತು, ಕಿಟಕಿಯ ಗಾಜು ಅದುರುವ ಹಾಗೆ. ಇಡೀ ಆಫೀಸು ಚಪ್ಪಾಳೆ ತಟ್ಟಿತು. ಮೇಸ್ತ್ರಿ ನನ್ನನ್ನು ಅಪ್ಪಿಕೊಂಡು, ಸುದ್ದಿ ಮುಟ್ಟಿಸಲು ಬೇತಮಂಗಲದ ಬಸ್ಸು ಹತ್ತಿಯೇಬಿಟ್ಟ. ಚಪ್ಪಟೆಯಾದ ಟೋಪಿ ಹಿಡಿದು ನಿಂತಿದ್ದ ದೊರೆ, ನಮಗೆಲ್ಲ ಹುಚ್ಚು ಹಿಡಿದಿದೆಯೇ ಎಂದು ಕೇಳುತ್ತಲೇ ಇದ್ದರು.

೫. ಮುಹೂರ್ತ

ಮದುವೆ ಗೊತ್ತಾಯಿತು. ಕಾಯಂ ಆದೇಶ ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ. ತಾಳಿ ಕೈಯಲ್ಲಿ ಹಿಡಿದಿದ್ದೇನೆ, ಅಷ್ಟರಲ್ಲಿ ದೊರೆ ಟೈ ಕಟ್ಟಿಕೊಂಡು ಹೆಂಡತಿಯೊಡನೆ ಮಂಟಪದ ಹತ್ತಿರವೇ ಬಂದು, ಒಳ್ಳೆಯದಾಗಲಿ ಮಿಸ್ಟರ್ ಎಂದರು.

ಮಾವ ಕೈಯೆತ್ತಿ ವಾಲಗ ನಿಲ್ಲಿಸಿದರು. ದೊರೆಯ ಮುಂದೆ ಕೈಮುಗಿದು, ನನ್ನನ್ನು ಒಂದು ಸಲ ಬೈಯಬೇಕೆಂದು ಬೇಡಿಕೊಂಡರು. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದರು. ದೊರೆ ಹೆಂಡತಿಯತ್ತ ನೋಡಿ, ನಾಚಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಕಿವೀಲಿ ಬ್ಯಾಡಿ ದೊರೆ, ಗಟ್ಟಿಯಾಗಿ ಏಳಿ,” ಎಂದರು ಮಾವ. “ನೆಂಟ್ರೆಲ್ಲ ಕೇಳ್ಲಿ.”

ದೊರೆ ಕಣ್ಣು ಮುಚ್ಚಿಕೊಂಡು, ಚಪ್ಪರದ ಕೊನೆಯವರೆಗೂ ಕೇಳುವಂತೆ ಕೂಗಿದರು, “ಬಗ್ಗರ್!”

ಮಾವ ಕಣ್ಣೊರೆಸಿಕೊಂಡು ವಾಲಗದವರತ್ತ ತಿರುಗಿದರು. “ಗಟ್ಟಿಮೇಳ, ಗಟ್ಟಿಮೇಳ.”